ಸಂಕ ಯಾರದು, ಕಾಲು ಯಾರದು?

ಹೋಂಸ್ಟೇಗೆ ಬಂದ ಅತಿಥಿಯೊಬ್ಬ ತೋಟ ನೋಡಲು ಹೊರಟು, ಕಾಲುಸಂಕದ ಮೇಲೆ ಜಾರಿ ಹಳ್ಳಕ್ಕೆ ಬಿದ್ದು ಕಾಲು ಮುರಿದುಕೊಂಡರೆ ಆಸ್ಪತ್ರೆಯ ಖರ್ಚು ಯಾರು ಕೊಡಬೇಕು? ಕಳೆದ ಸಂಚಿಕೆಯಲ್ಲಿ ನಾನು ಕೊಟ್ಟ ಉತ್ತರ ಎರಡೇ ಮಾತಿನದು. ಮನೆಯ ಯಜಮಾನರು ಕೊಡಬೇಕು. ಆದರೆ ಪೂರ್ತಿ ಅಲ್ಲ. ಮೊದಲನೆಯ ಮಾತು ಮಲೆನಾಡಿನ ಬೆಳೆಗಾರ ಮಿತ್ರರಿಗೆ ಸಿಟ್ಟು ತರಿಸಿದೆ, ಎರಡನೆಯದು ಬೆಂಗಳೂರಿನ ಓದುಗರಿಗೆ. ಎರಡೂ ಕಡೆಯವರು ಬೈದಿದ್ದಾರೆ ಎಂದ ಮಾತ್ರಕ್ಕೆ ನಾನು ಸರಿ ಎಂದಾಗುವುದಿಲ್ಲ. ಹಾಗಾಗಿ ಬಂದ ತಕರಾರುಗಳನ್ನು ಎದುರಿಗಿಟ್ಟುಕೊಂಡು ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನೂ ತೋಟದವನೇ. ಎರಡು ಎಕರೆ ಅಡಿಕೆ, ನಡುವೆ ಒಂದು ಹಳ್ಳ, ಅದಕ್ಕೊಂದು ಸಂಕ. ಕೋರ್ಟಿನಲ್ಲಿ ಕಳೆದ ಮೂವತ್ತು ವರ್ಷದಲ್ಲಿ ಹೆಚ್ಚು ಪಾಲು ಪ್ರತಿವಾದಿಗಳ ಪರವಾಗಿಯೇ ನಿಂತವನು. ‘ಪೇಟೆಯವರ ವಕಾಲತ್ತು ಹಿಡಿದಿದ್ದೀರಿ’ ಎಂಬ ಮಾತು ಅದಕ್ಕೇ ಸ್ವಲ್ಪ ಚುಚ್ಚಿತು. ಇರಲಿ, ಅದಕ್ಕೆ ಉತ್ತರ ಬೇಕಿಲ್ಲ.

ಉತ್ತರ ಬೇಕಾದದ್ದು ಮುಕ್ಕಾಲು ಪಾಲು ಪತ್ರಗಳಲ್ಲಿರುವ ಒಂದೇ ವಾಕ್ಯಕ್ಕೆ: ‘ನೋಡಿಕೊಂಡು ನಡೆಯಬೇಕಿತ್ತು.’ ಕೊಪ್ಪದ ಕಡೆಯ ಹಿರಿಯರೊಬ್ಬರು ಇನ್ನಷ್ಟು ಖಾರ ಬೆರೆಸಿದ್ದಾರೆ: ‘ಕಣ್ಣು ನೆತ್ತಿಯ ಮೇಲಿಟ್ಟುಕೊಂಡು ಫೋಟೋ ತೆಗೆಯುತ್ತಿದ್ದವನು ಬಿದ್ದರೆ ನಾವೇಕೆ ಕಾಸು ಬಿಚ್ಚಬೇಕು?’

ಈ ಮಾತು ಒಂದು ಕಾಲಕ್ಕೆ ಬರೀ ಮಾತಾಗಿರಲಿಲ್ಲ, ಕಾನೂನೇ ಆಗಿತ್ತು. 1809ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ಬಟರ್‌ಫೀಲ್ಡ್ ಪ್ರಕರಣವನ್ನು ಕಾನೂನು ಕಾಲೇಜಿನ ಮೊದಲ ವರ್ಷದಲ್ಲೇ ಓದಿಸುತ್ತಾರೆ. ಡರ್ಬಿ ಊರಿನಲ್ಲಿ ಒಬ್ಬ ಮನೆ ರಿಪೇರಿ ಮಾಡಿಸುತ್ತ ದಾರಿಗೆ ಅಡ್ಡವಾಗಿ ಒಂದು ಗಳ ಇಟ್ಟಿದ್ದ. ಆಗಸ್ಟ್ ತಿಂಗಳ ಮುಸ್ಸಂಜೆ, ಮನೆಗಳಲ್ಲಿ ಮೇಣದಬತ್ತಿ ಹಚ್ಚುವ ಹೊತ್ತು. ಇನ್ನೊಬ್ಬ ಹೆಂಡದಂಗಡಿಯಿಂದ ಹೊರಟು ಕುದುರೆಯನ್ನು ನಾಗಾಲೋಟಕ್ಕೆ ಬಿಟ್ಟುಕೊಂಡು ಬಂದ, ಗಳಕ್ಕೆ ಸಿಕ್ಕಿ ಬಿದ್ದ. ನೂರು ಗಜ ದೂರದಿಂದಲೇ ಗಳ ಕಾಣುವಷ್ಟು ಬೆಳಕಿತ್ತು ಎಂದು ಸಾಕ್ಷಿ ನುಡಿದರು. ಬಿದ್ದವನಿಗೆ ಬಿಡಿಗಾಸೂ ಸಿಗಲಿಲ್ಲ. ದಾರಿಗೆ ಗಳ ಇಟ್ಟದ್ದು ಸರಿ ಎಂದು ಕೋರ್ಟು ಹೇಳಲಿಲ್ಲ, ಗಮನಿಸಿ. ಬಿದ್ದವನ ಕಡೆಯೂ ತಪ್ಪಿದೆ, ಹಾಗಾಗಿ ಇಟ್ಟವನ ಲೆಕ್ಕ ಚುಕ್ತಾ ಎಂದಿತು.

ಇದರೊಳಗಿನ ಅನ್ಯಾಯ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ನ್ಯಾಯಾಧೀಶರನ್ನೇ ಕಾಡಿತು. ಕಾಡಿಸಿದ್ದು ಒಂದು ಕತ್ತೆ. ಮುಂಗಾಲು ಕಟ್ಟಿ ರಸ್ತೆಯಲ್ಲಿ ಮೇಯಲು ಬಿಟ್ಟಿದ್ದ ಕತ್ತೆಯ ಮೇಲೆ ಕುದುರೆಬಂಡಿಯೊಂದು ಜೋರಾಗಿ ಬಂದು ಹರಿಯಿತು. ಕತ್ತೆಯನ್ನು ರಸ್ತೆಯಲ್ಲಿ ಕಟ್ಟಿಹಾಕಿದವನದೂ ತಪ್ಪೇ. ಆದರೆ ಆ ತಪ್ಪಿಗೆ ಪೂರ್ತಿ ಶಿಕ್ಷೆ ಎಂದರೆ, ರಸ್ತೆಯಲ್ಲಿ ಸಿಕ್ಕ ಕತ್ತೆಯ ಮೇಲೆಲ್ಲ ಬಂಡಿ ಹರಿಸಬಹುದು ಎಂದಾಯಿತಲ್ಲ! 1842ರ ಆ ತೀರ್ಪಿನಲ್ಲಿ ಕತ್ತೆಯ ಒಡೆಯನೇ ಗೆದ್ದ. ಅಪಾಯ ತಪ್ಪಿಸುವ ಕೊನೆಯ ಅವಕಾಶ ಯಾರ ಕೈಯಲ್ಲಿತ್ತೋ ಅವನ ತಲೆಗೆ ಹೊಣೆ ಎಂಬ ಹೊಸ ಸೂತ್ರ ಹುಟ್ಟಿತು. ಅದೂ ಸರಿಹೋಗಲಿಲ್ಲ. ಮೊದಲ ಸೂತ್ರದಲ್ಲಿ ಎಲ್ಲವನ್ನೂ ಒಬ್ಬನ ಮೇಲೆ ಹೊರಿಸಿದ್ದರು, ಎರಡನೆಯದರಲ್ಲಿ ಎಲ್ಲವನ್ನೂ ಇನ್ನೊಬ್ಬನ ಮೇಲೆ. ಕೊನೆಗೆ 1945ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕಾಯಿದೆ ಮಾಡಿ ನೇರವಾಗಿ ಹೇಳಿತು: ಇಬ್ಬರದೂ ತಪ್ಪಿದ್ದರೆ ಪಾಲು ಮಾಡಿ.

ನಮ್ಮಲ್ಲಿ ಕೇರಳ 1976ರಲ್ಲಿ ಇಂಥದೊಂದು ಕಾಯಿದೆ ಮಾಡಿಕೊಂಡಿದೆ. ಕರ್ನಾಟಕದಲ್ಲಿ ಅಂಥ ಕಾಯಿದೆಯಿಲ್ಲ. ಆದರೂ ನ್ಯಾಯ, ಸಮತೆ, ಶುದ್ಧ ಅಂತಃಕರಣ ಎಂಬ ಹಳೆಯ ಆಧಾರದ ಮೇಲೆ ನಮ್ಮ ಕೋರ್ಟುಗಳು ಅದೇ ಪಾಲಿನ ಲೆಕ್ಕ ಹಾಕುತ್ತ ಬಂದಿವೆ. ಇದನ್ನು ಅರ್ಥಮಾಡಿಸಲು ನಾನು ಪಾಠ ಮಾಡಬೇಕಾಗಿಯೇ ಇಲ್ಲ. ರಸ್ತೆ ಅಪಘಾತದ ಎಂವಿಸಿ ಕೇಸು ನೋಡದ ಊರು ಕರ್ನಾಟಕದಲ್ಲಿ ಉಂಟೆ? ಬಸ್ಸಿನವನದು ಎಪ್ಪತ್ತು, ಬೈಕಿನವನದು ಮೂವತ್ತು ಎಂದು ಸಂತೆಯಲ್ಲಿ ನಿಂತೇ ಹೇಳಬಲ್ಲವರಿದ್ದಾರೆ. ಆ ಮೂವತ್ತಕ್ಕೆ ಕೋರ್ಟಿನಲ್ಲಿ ‘ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್’ ಅನ್ನುತ್ತೇವೆ. ರಸ್ತೆಯ ಮೇಲೆ ಒಪ್ಪಿಕೊಂಡ ಲೆಕ್ಕವನ್ನು ತೋಟದ ದಣಪೆ ದಾಟಿದ ಕೂಡಲೇ ಮರೆತುಬಿಡಬೇಕೆಂದು ನನ್ನ ಮಿತ್ರರು ಕೇಳುತ್ತಿದ್ದಾರೆ. ಅತಿಥಿಯ ಖರ್ಚು ಎರಡು ಲಕ್ಷ ಎಂದಿಟ್ಟುಕೊಳ್ಳಿ. ಫೋಟೋ ತೆಗೆಯುತ್ತಿದ್ದುದಕ್ಕೆ ಅವನ ಪಾಲು ಶೇಕಡಾ 30 ಎಂದಾದರೆ ಅರುವತ್ತು ಸಾವಿರ ಅವನದೇ. ಉಳಿದ ಒಂದು ಲಕ್ಷ ನಲವತ್ತು ಸಾವಿರ ಯಜಮಾನರದು. ಕೊಪ್ಪದ ಹಿರಿಯರು ಹೇಳಿದ್ದು ಆ ಅರುವತ್ತು ಸಾವಿರಕ್ಕೆ ಸರಿಯಾದ ಉತ್ತರ. ಎರಡು ಲಕ್ಷಕ್ಕಲ್ಲ.

ಇನ್ನೂ ಒಂದು ಮಾತಿದೆ, ಇದು ಕಾನೂನಿಗಿಂತ ಹೆಚ್ಚಾಗಿ ತೋಟದ್ದು. ‘ನೋಡಿಕೊಂಡು’ ಎನ್ನುತ್ತೀರಿ. ಏನನ್ನು ನೋಡಬೇಕಿತ್ತು? ಸಂಕದ ಮೇಲಿನ ಪಾಚಿ ನಮ್ಮ ಕಣ್ಣಿಗೆ ಜಾರು, ಅವನ ಕಣ್ಣಿಗೆ ಹಸಿರು. ಅಡಿಕೆ ದಬ್ಬೆಯ ಒಳಗೆ ಗೆದ್ದಲು ಹಿಡಿದಿದೆಯೇ ಎಂದು ನಾವು ಹಿಮ್ಮಡಿಯಿಂದ ಒತ್ತಿ, ಸದ್ದು ಕೇಳಿ ತಿಳಿಯುತ್ತೇವೆ. ವಿಜಯನಗರದ ಫ್ಲ್ಯಾಟಿನಿಂದ ಬಂದವನಿಗೆ ಆ ಸದ್ದಿನ ಅರ್ಥ ಯಾರು ಕಲಿಸಿದ್ದಾರೆ? 1866ರಲ್ಲೇ ಇಂಗ್ಲೆಂಡಿನ ಕೋರ್ಟು ಒಂದು ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ ಇದನ್ನು ಗುರುತಿಸಿತ್ತು. ಗ್ಯಾಸ್ ಉಪಕರಣ ಪರೀಕ್ಷಿಸಲು ಬಂದ ಕೆಲಸಗಾರ, ಕಟಕಟೆಯಿಲ್ಲದ ಗುಂಡಿಯೊಳಗೆ ಬಿದ್ದ. ಒಳಗಿನವರಿಗೆ ಅದು ಎಲ್ಲಿದೆ ಎಂದು ಗೊತ್ತು, ಹೊರಗಿನಿಂದ ಬಂದವನಿಗೆ ಗೊತ್ತಿಲ್ಲ. ಜಾಗದ ಹಿಡಿತ ಉಳ್ಳವನ ಹೊಣೆ ಹುಟ್ಟುವುದು ಈ ಅಂತರದಲ್ಲಿ. ನಿಮಗೆ ಗೊತ್ತಿದ್ದು ಅವನಿಗೆ ಗೊತ್ತಿಲ್ಲದ್ದನ್ನು ಸರಿಪಡಿಸಿ, ಇಲ್ಲವೇ ಹೇಳಿ. ಇಷ್ಟೇ. 1968ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಬಚ್ಚಲುಮನೆಯ ಒಡೆದ ನಲ್ಲಿಯ ಹಿಡಿ. ಅತಿಥಿಯ ಕೈಗೆ ಏಟಾಯಿತು. ಹಿಡಿ ಒಡೆದದ್ದು ಆ ಮನೆಯಲ್ಲಿದ್ದಾಕೆಗೆ ಮೊದಲೇ ಗೊತ್ತಿತ್ತು, ಹೇಳಿರಲಿಲ್ಲ. ಸ್ನೇಹಕ್ಕೆ ಬಂದವನು, ವ್ಯಾಪಾರಕ್ಕೆ ಬಂದವನು ಎಂಬ ಹಳೆಯ ಪಂಕ್ತಿಭೇದವನ್ನೇ ಆ ಕೋರ್ಟು ತೆಗೆದುಹಾಕಿತು.

ನಮ್ಮ ಮನೆಗಳಲ್ಲಿ ಇದು ಕೋರ್ಟಿಗಿಂತ ಹಳೆಯದು. ಮಳೆಗಾಲದಲ್ಲಿ ನೆಂಟರು ಅಂಗಳಕ್ಕೆ ಕಾಲಿಟ್ಟ ಕೂಡಲೇ ಜಗಲಿಯಿಂದ ‘ಅಲ್ಲಿ ಜಾರ್ತದೆ, ದಬ್ಬೆ ಮೇಲೇ ಬನ್ನಿ’ ಎಂಬ ಕೂಗು ಬರುತ್ತದೆ. ಕೂಗಿದ ಅಜ್ಜಿ ಯಾವ ಕಾಯಿದೆಯನ್ನೂ ಓದಿದವಳಲ್ಲ.

‘ಕುಡಿದಿದ್ದ’ ಎಂಬ ಉಪತಕರಾರು ಮೂರು ಪತ್ರಗಳಲ್ಲಿದೆ. ಕುಡಿದಿದ್ದರೆ ಏನಂತೆ? ಸಂಕದ ಮೇಲೆ ಕುಣಿದು ಬಿದ್ದಿದ್ದರೆ ಅವನ ಪಾಲು ಏರುತ್ತದೆ, ಬಹುಶಃ ಪೂರ್ತಿ ಅವನದೇ ಆಗುತ್ತದೆ. ಗೆದ್ದಲು ತಿಂದ ದಬ್ಬೆ ಕಾಲಡಿಯಲ್ಲೇ ಮುರಿದಿದ್ದರೆ ಗಂಗಾಜಲ ಕುಡಿದು ಬಂದವನೂ ಬೀಳುತ್ತಿದ್ದ. ತಪ್ಪು ಇದ್ದರೆ ಸಾಲದು, ಬೀಳುವುದಕ್ಕೆ ಆ ತಪ್ಪು ಕಾರಣವಾಗಿರಬೇಕು. 2020ರಲ್ಲಿ ನಮ್ಮ ಸುಪ್ರೀಂ ಕೋರ್ಟು ಒಂದು ಬೈಕ್ ಪ್ರಕರಣದಲ್ಲಿ ಇದನ್ನೇ ಹೇಳಿತು. ಬೈಕಿನ ಮೇಲೆ ಮೂವರಿದ್ದರು, ಹಿಂದಿನಿಂದ ಕಾರು ಬಂದು ಗುದ್ದಿತು. ಮೂವರು ಕೂತದ್ದಕ್ಕೆ ಹೈಕೋರ್ಟು ಶೇಕಡಾ 10 ಕಡಿತ ಮಾಡಿತ್ತು. ಮೂವರು ಕೂತದ್ದು ನಿಯಮ ಮೀರಿದಂತೆ, ನಿಜ. ಆದರೆ ಅಪಘಾತಕ್ಕಾಗಲಿ ಪೆಟ್ಟಿನ ಜೋರಿಗಾಗಲಿ ಅದು ಕಾರಣವೆಂದು ತೋರಿಸದೆ ಕಡಿತವಿಲ್ಲ ಎಂದು ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ತೋರಿಸಬೇಕಾದವನು, ಇನ್ನೊಬ್ಬನ ತಪ್ಪಿದೆ ಎಂದು ವಾದಿಸುವವನೇ. ಅಂದರೆ ಈ ಪ್ರಕರಣದಲ್ಲಿ ಯಜಮಾನರು.

ಇನ್ನು ಬೋರ್ಡಿನ ವಿಷಯ. ‘ನಾವು ಫಲಕ ಹಾಕಿದ್ದೇವೆ: ಅತಿಥಿಗಳ ಸುರಕ್ಷತೆಗೆ ಆಡಳಿತ ಮಂಡಳಿ ಜವಾಬ್ದಾರರಲ್ಲ.’ ಗಂಡ, ಹೆಂಡತಿ, ಒಬ್ಬ ಅಡುಗೆಯವರು ಇರುವ ಮನೆಯಲ್ಲಿ ಆಡಳಿತ ಮಂಡಳಿ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನವರು ಎಲ್ಲರಿಗೂ ಅದನ್ನೇ ಅಚ್ಚು ಹಾಕಿ ಕೊಡುತ್ತಾರೆ. ಆದರೆ ಆ ಫಲಕ ಏನು ಹೇಳುತ್ತದೆ ನೋಡಿ. ಅಪಾಯ ಎಲ್ಲಿದೆ ಎಂದು ಹೇಳುವುದಿಲ್ಲ, ದುಡ್ಡು ಕೊಡುವುದಿಲ್ಲ ಎಂದು ಹೇಳುತ್ತದೆ. ಎಚ್ಚರಿಕೆ ಬೇರೆ, ಕೈತೊಳೆಯುವುದು ಬೇರೆ. ‘ಸಂಕದ ಬಲಗಡೆಯ ದಬ್ಬೆ ಲಡ್ಡಾಗಿದೆ, ಎಡಗಡೆ ಹಿಡಿದುಕೊಂಡು ದಾಟಿ’ ಎಂದು ಬರೆದಿದ್ದರೆ ನಾನು ಯಜಮಾನರ ಪರವಾಗಿ ವಾದಿಸಲು ಸಿದ್ಧ. ಇಂಗ್ಲೆಂಡಿನ 1957ರ ಕಾಯಿದೆಯಲ್ಲಿ ಇದಕ್ಕೊಂದು ಅಳತೆಗೋಲಿದೆ: ಆ ಎಚ್ಚರಿಕೆಯನ್ನು ಓದಿಕೊಂಡವನು ಸುರಕ್ಷಿತವಾಗಿ ಇರಲು ಅದು ಸಾಕಾಗುತ್ತಿತ್ತೇ? ಬೇರೆ ದಾರಿಯೇ ಇಲ್ಲದ ಕಡೆ ‘ಎಚ್ಚರಿಕೆ’ ಎಂದು ಬರೆದರೆ ಸಾಕಾಗುವುದಿಲ್ಲ, ಏಕೆಂದರೆ ಓದಿಯೂ ಅವನು ಅಲ್ಲೇ ನಡೆಯಬೇಕು.

ನಮ್ಮ ದೇಶದ ಉದಾಹರಣೆಯೇ ಬೇಕೆಂದರೆ 2019ರ ತಾಜ್ ಮಹಲ್ ಹೋಟೆಲ್ ತೀರ್ಪನ್ನು ನೋಡಿ. ಬೀಗದ ಕೈಯನ್ನು ಹೋಟೆಲಿನವರಿಗೆ ಒಪ್ಪಿಸಿ ನಿಲ್ಲಿಸಿದ ಕಾರು ಕಳುವಾಯಿತು. ‘ವಾಹನ ಮಾಲೀಕರ ಜವಾಬ್ದಾರಿಯಲ್ಲಿ ನಿಲ್ಲಿಸತಕ್ಕದ್ದು’ ಎಂದು ಚೀಟಿಯ ಮೇಲೆ ಅಚ್ಚಾಗಿತ್ತು. ತನ್ನದೇ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲು ಆ ಚೀಟಿ ತೋರಿಸಿ ಜಾರಿಕೊಳ್ಳುವಂತಿಲ್ಲ ಎಂದಿತು ಸುಪ್ರೀಂ ಕೋರ್ಟು. ಅದು ಕಾರಿನ ಮಾತು, ಕಾಲಿನದಲ್ಲ ಎನ್ನಬಹುದು. ಕಾರಿಗೆ ಇರುವ ಬೆಲೆ ಕಾಲಿಗೆ ಇಲ್ಲ ಎಂದು ವಾದಿಸಲು ಯಾರಾದರೂ ಮುಂದೆ ಬರಲಿ, ಆಮೇಲೆ ನೋಡೋಣ.

ತೀರ್ಥಹಳ್ಳಿಯ ಓದುಗರೊಬ್ಬರದು ನೇರ ಮಾತು: ‘ಅಜ್ಜನ ಕಾಲದಿಂದ ಇದೇ ಸಂಕ. ನಮ್ಮ ಆಳುಗಳು ಅಡಿಕೆ ಮೂಟೆ ಹೊತ್ತು ದಿನಾ ದಾಟುತ್ತಾರೆ. ಒಬ್ಬರೂ ಬಿದ್ದಿಲ್ಲ.’ ಸ್ವಾಮಿ, ಅಡಿಕೆ ಮರದ ಸಂಕ ಅಜ್ಜನ ಕಾಲದ್ದಾಗಲು ಸಾಧ್ಯವೇ ಇಲ್ಲ. ಜಾಗ ಅಜ್ಜನ ಕಾಲದ್ದು, ಮರ ಹೆಚ್ಚೆಂದರೆ ಮೂರು ಮಳೆಗಾಲದ್ದು. ಇನ್ನು, ಬಹಳ ಕಾಲ ನಿಂತಿತ್ತು ಎಂಬುದು ಯಾರ ಪರ ಸಾಕ್ಷ್ಯ? ದೆಹಲಿಯ ಚಾಂದನಿ ಚೌಕದಲ್ಲಿ, ಟೌನ್ ಹಾಲಿನ ಎದುರು, ಒಂದು ಗಡಿಯಾರ ಗೋಪುರವಿತ್ತು. 1951ರಲ್ಲಿ ಅದು ಕುಸಿದು ಬಿದ್ದು ಜನ ಸತ್ತರು. ಗೋಪುರಕ್ಕೆ ಆಗ ಎಂಬತ್ತು ವರ್ಷ. ಆ ಬಗೆಯ ಗಾರೆಯ ಕಟ್ಟಡದ ಆಯುಷ್ಯ ನಲವತ್ತು, ನಲವತ್ತೈದು ವರ್ಷ ಎಂದು ಎಂಜಿನಿಯರ್ ಹೇಳಿದರು. ದೋಷ ಹೊರಗೆ ಕಾಣುತ್ತಿರಲಿಲ್ಲ ಎಂದು ಪಾಲಿಕೆ ವಾದಿಸಿತು. 1966ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರ ಸಾರ: ದಾರಿಯ ಪಕ್ಕದ ಕಟ್ಟಡದ ಒಡೆಯ, ಕಾಣುವ ದೋಷಕ್ಕೂ ಕಾಣದ ದೋಷಕ್ಕೂ ಹೊಣೆ, ನೋಡಿಕೊಳ್ಳಬೇಕಾದದ್ದು ಅವನ ಕೆಲಸ. ಎಂಬತ್ತು ವರ್ಷ ನಿಂತಿತ್ತು ಎಂಬ ಸಂಗತಿ ಪಾಲಿಕೆಯ ಕೊರಳಿಗೇ ಸುತ್ತಿಕೊಂಡಿತು.

ಆಳುಗಳ ಮಾತಿನಲ್ಲಿ ಮಾತ್ರ ಅರ್ಧ ಸತ್ಯವಿದೆ, ಒಪ್ಪುತ್ತೇನೆ. ಕಸುಬಿನವನಿಗೆ ತನ್ನ ಕಸುಬಿನ ಅಪಾಯ ಗೊತ್ತಿರುತ್ತದೆ ಎಂದು ಒಡೆಯ ನಂಬಿಕೊಳ್ಳಬಹುದು. ಇಂಗ್ಲೆಂಡಿನ ಕಾಯಿದೆ ಅದನ್ನು ಬಾಯಿಬಿಟ್ಟೇ ಹೇಳುತ್ತದೆ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರನಿಗೆ ಮರ ಜಾರುತ್ತದೆ ಎಂದು ಯಾರೂ ಹೇಳಬೇಕಿಲ್ಲ. ಆದರೆ ಅದೇ ಕಾಯಿದೆ, ಅದೇ ಉಸಿರಿನಲ್ಲಿ, ಮಕ್ಕಳು ದೊಡ್ಡವರಷ್ಟು ಎಚ್ಚರದಿಂದ ಇರುವುದಿಲ್ಲ ಎಂಬುದಕ್ಕೂ ಒಡೆಯ ಸಿದ್ಧನಿರಬೇಕು ಎನ್ನುತ್ತದೆ. ಕೊನೆಗಾರ ದಾಟುತ್ತಾನೆ ಎಂಬ ಅಳತೆಯನ್ನು ಏಳು ವರ್ಷದ ಹುಡುಗಿಗೆ ಹಿಡಿಯಲಾಗದು. ಕೊನೆಗಾರನ ಬಗ್ಗೆಯೂ, ‘ಗೊತ್ತಿತ್ತು’ ಎಂದರೆ ‘ಒಪ್ಪಿದ್ದ’ ಎಂದಲ್ಲ. ತಲೆಯ ಮೇಲೆ ಕ್ರೇನಿನಿಂದ ಕಲ್ಲು ತೂಗುವುದನ್ನು ಕಂಡೂ ಕೆಲಸ ಬಿಡದೆ ದುಡಿದ ಕೂಲಿಯವನ ಪ್ರಕರಣದಲ್ಲಿ 1891ರಲ್ಲೇ ಇಂಗ್ಲೆಂಡಿನ ಆಗಿನ ಅತ್ಯುನ್ನತ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ಇದನ್ನು ತೀರ್ಮಾನಿಸಿದೆ. ಹೊಟ್ಟೆಪಾಡಿಗೆ ತಲೆ ಒಡ್ಡಿದ್ದನ್ನು ಒಪ್ಪಿಗೆ ಅನ್ನಲು ಬರುವುದಿಲ್ಲ.

‘ಮಳೆ, ಗಾಳಿ, ದೇವರಿಚ್ಛೆ’ ಎಂಬ ತಕರಾರಿಗೆ ಹೆಚ್ಚು ಜಾಗ ಬೇಡ. ಜೂನ್‌ನಲ್ಲಿ ಆಗುಂಬೆಗೆ ಮಳೆ ಬರುವುದು ದೇವರಿಚ್ಛೆಯೇ ಇರಬಹುದು, ಅನಿರೀಕ್ಷಿತವಂತೂ ಅಲ್ಲ. ಮರ ಬಿದ್ದ ಎರಡು ಪ್ರಕರಣಗಳನ್ನು ಪಕ್ಕ ಪಕ್ಕ ಇಟ್ಟರೆ ಗೆರೆ ಎಲ್ಲಿದೆ ಎಂದು ಕಾಣುತ್ತದೆ. ರಾಜ್‌ಕೋಟ್‌ನಲ್ಲಿ ರಸ್ತೆಬದಿಯ ಮರ ಉರುಳಿ ನಡೆದು ಹೋಗುತ್ತಿದ್ದವರೊಬ್ಬರು ಸತ್ತಾಗ, 1997ರಲ್ಲಿ ಸುಪ್ರೀಂ ಕೋರ್ಟು ಪಾಲಿಕೆ ಹೊಣೆಯಲ್ಲ ಎಂದಿತು. ದೆಹಲಿಯಲ್ಲಿ ಎಲೆ ಉದುರಿ ಒಣಗಿ ನಿಂತಿದ್ದ ಮರದ ಕೊಂಬೆ ಸ್ಕೂಟರ್ ಸವಾರನ ಮೇಲೆ ಬಿದ್ದಾಗ, 1999ರಲ್ಲಿ ಅದೇ ಕೋರ್ಟು ಪಾಲಿಕೆ ಹೊಣೆ ಎಂದಿತು. ಒಣಗಿದ ಮರ ಮೊದಲೇ ಹೇಳಿರುತ್ತದೆ. ಕೇಳಿಸಿಕೊಳ್ಳದಿದ್ದರೆ ಅದು ದೇವರ ತಪ್ಪಲ್ಲ. ಈ ಎರಡರಲ್ಲೂ ಪ್ರತಿವಾದಿ ಪಾಲಿಕೆಯೇ ಆಗಿದ್ದರಿಂದ, ‘ಸರ್ಕಾರ ತನ್ನ ರಸ್ತೆಗುಂಡಿಗೆ ಕೊಡುತ್ತದೆಯೇ?’ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. 2019ರಲ್ಲಿ ನಮ್ಮ ಹೈಕೋರ್ಟು ಗುಂಡಿಗೆ ಬಿದ್ದು ಗಾಯಗೊಂಡವರಿಗೆ ಬಿಬಿಎಂಪಿ ಪರಿಹಾರ ಕೊಡಬೇಕು ಎಂದೇ ಹೇಳಿದೆ.

‘ಕರೆಯದೆ ಬೇಲಿ ಹಾರಿ ಬಂದವನಿಗೂ ಕೊಡಬೇಕೇ?’ ಇದು ಗಟ್ಟಿ ಪ್ರಶ್ನೆ, ಮತ್ತು ಕೇಳಿದವರು ಕಹಿಯಿಂದ ಕೇಳಿದ್ದಾರೆ. ಅವರ ಮೆಣಸಿನ ಬಳ್ಳಿಯಿಂದ ಪ್ರತಿ ವರ್ಷ ಕಾಳು ಕಳುವಾಗುತ್ತದಂತೆ. ಮೆಣಸು ಕದಿಯಲು ಬಂದವನು ಬಿದ್ದರೆ ನನ್ನ ಕಣ್ಣಲ್ಲಿ ನೀರು ಬರುವುದಿಲ್ಲ, ಕೋರ್ಟಿಗೂ ಬಾರದು. ಆದರೆ ಬೇಲಿ ದಾಟಿ ಬರುವವರೆಲ್ಲ ಕಳ್ಳರಲ್ಲ. ಚೆಂಡು ಹುಡುಕಿಕೊಂಡು ಬರುವ ಮಗುವೂ ಬೇಲಿಯನ್ನೇ ದಾಟುತ್ತದೆ. ಇಂಗ್ಲೆಂಡಿನ ರೈಲ್ವೆ ಹಳಿಯ ಪಕ್ಕದ ಬೇಲಿ ಮುರಿದು ಕಾಲುದಾರಿಯೇ ಆಗಿತ್ತು. ಮಕ್ಕಳು ಹಳಿಯ ಮೇಲೆ ಓಡಾಡುವುದನ್ನು ಸ್ಟೇಷನ್ ಮಾಸ್ಟರಿಗೆ ಯಾರೋ ತಿಳಿಸಿಯೂ ಇದ್ದರು. ಬೇಲಿ ಸರಿಯಾಗಲಿಲ್ಲ. ಆರು ವರ್ಷದ ಹುಡುಗ ಒಳಗೆ ಹೋಗಿ ವಿದ್ಯುತ್ ಹಳಿಗೆ ತಾಗಿ ಸುಟ್ಟುಕೊಂಡ. ಅತಿಕ್ರಮಿಸಿದವನಿಗೆ ಏನೂ ಇಲ್ಲ ಎಂಬ ಹಳೆಯ ಕಾನೂನನ್ನು 1972ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ಹುಡುಗನಿಗಾಗಿ ಬದಲಿಸಿತು: ಪೂರ್ತಿ ಹೊಣೆ ಇಲ್ಲದಿದ್ದರೂ ಮನುಷ್ಯತ್ವದ ಹೊಣೆ ಇದೆ. ಗ್ಲಾಸ್ಗೋದ ಸಸ್ಯೋದ್ಯಾನದಲ್ಲಿ ಏಳು ವರ್ಷದ ಮಗು ಕಣ್ಣು ಸೆಳೆಯುವ ವಿಷದ ಹಣ್ಣು ತಿಂದು ಸತ್ತ 1922ರ ಪ್ರಕರಣವೂ ಈ ಜಾತಿಯದೇ. ಮಗುವನ್ನು ಸೆಳೆಯುವ ವಸ್ತುವನ್ನು ಇಟ್ಟವನು, ಮಗು ಬಂತೆಂದು ದೂರುವಂತಿಲ್ಲ.

ಉತ್ತರ ಕರ್ನಾಟಕದವರಿಗೆ ನಾನು ಗ್ಲಾಸ್ಗೋ ಕಥೆ ಹೇಳಬೇಕಾಗಿಲ್ಲ. ಬಾಗಲಕೋಟೆಯ ಸೂಳಿಕೇರಿ, ಅಥಣಿ ತಾಲ್ಲೂಕಿನ ಝುಂಜರವಾಡ ಎಂದರೆ ಸಾಕು. ಎರಡೂ ಕಡೆ ಮಗು ಬಿದ್ದದ್ದು, ನೀರು ಸಿಗದೆ ಬಾಯಿ ತೆರೆದೇ ಬಿಟ್ಟ ಕೊಳವೆಬಾವಿಗೆ. ಸುಪ್ರೀಂ ಕೋರ್ಟು 2010ರಲ್ಲೇ ಈ ಬಗ್ಗೆ ನಿರ್ದೇಶನ ಕೊಟ್ಟಿದೆ: ಕೊರೆಸುವ ಹದಿನೈದು ದಿನ ಮೊದಲು ತಿಳಿಸಬೇಕು, ಕೊರೆಯುವಾಗ ಸುತ್ತ ಮುಳ್ಳುತಂತಿ ಹಾಕಬೇಕು, ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆ ಕಟ್ಟಬೇಕು, ಕೈಬಿಟ್ಟದ್ದನ್ನು ತಳದಿಂದ ನೆಲಮಟ್ಟದವರೆಗೆ ಮುಚ್ಚಬೇಕು. ಇಷ್ಟಾದ ಮೇಲೂ ‘ಮಗು ನಮ್ಮ ಹೊಲಕ್ಕೆ ಯಾಕೆ ಬಂತು?’ ಎಂದು ಕೇಳುವವರಿದ್ದರೆ, ಅವರ ಹೆಸರು ನನ್ನ ಬಳಿ ಇಲ್ಲದಿರುವುದೇ ಒಳ್ಳೆಯದು.

‘ಜಾಗ ನನ್ನದು, ಆದರೆ ಲೀಸಿಗೆ ಕೊಟ್ಟಿದ್ದೇನೆ. ಬುಕಿಂಗ್ ಎಲ್ಲ ಅವನದೇ’ ಎಂಬ ಚಿಕ್ಕಮಗಳೂರಿನವರ ತಕರಾರು ಕಾನೂನಿಗೆ ಹತ್ತಿರ ಬಂದಿದೆ. ನೋಡಬೇಕಾದದ್ದು ಪಹಣಿಯಲ್ಲಿ ಯಾರ ಹೆಸರಿದೆ ಎಂದಲ್ಲ, ಹಿಡಿತ ಯಾರ ಕೈಲಿದೆ ಎಂದು. ಇಂಗ್ಲೆಂಡಿನ ಒಂದು ಪಬ್ಬಿನಲ್ಲಿ ಕೈಪಿಡಿ ಕೊನೆಯವರೆಗೆ ಇಲ್ಲದ, ಬಲ್ಬೂ ಇಲ್ಲದ ಮೆಟ್ಟಿಲಿನಿಂದ ಬಿದ್ದು ಅತಿಥಿ ಸತ್ತ 1966ರ ಪ್ರಕರಣದಲ್ಲಿ, ಕಟ್ಟಡದ ಕಂಪನಿಗೂ ಒಳಗಿದ್ದ ಮ್ಯಾನೇಜರಿಗೂ ಏಕಕಾಲಕ್ಕೆ ಹೊಣೆ ಇರಬಹುದು ಎಂದರು. ಕೊನೆಗೆ ಆ ಸಾವಿಗೆ ನಿರ್ಲಕ್ಷ್ಯ ಕಾರಣವಲ್ಲ ಎಂದು ಇಬ್ಬರೂ ಪಾರಾದರು, ಅದು ಬೇರೆ ಮಾತು. ಲೀಸ್ ಪತ್ರದಲ್ಲಿ ಸಂಕ, ಬಾವಿಕಟ್ಟೆ, ವೈರಿಂಗ್ ರಿಪೇರಿ ಯಾರದೆಂದು ಬರೆಸಿಕೊಳ್ಳಿ. ಬರೆಸಿಕೊಂಡವರು ನನಗೆ ಇನ್ನೂ ಸಿಕ್ಕಿಲ್ಲ.

ಎಲ್ಲರಿಗಿಂತ ಉದ್ದದ ಪತ್ರ ಬರೆದವರ ಹೆದರಿಕೆ ಇದು: ಹೀಗೆಲ್ಲ ಹೊಣೆ ಹೊರಿಸಿದರೆ ಅಮೆರಿಕದಂತೆ ಬಿದ್ದವರೆಲ್ಲ ಕೋರ್ಟಿಗೆ ಓಡುತ್ತಾರೆ, ಹೋಂಸ್ಟೇಗಳು ಬಾಗಿಲು ಹಾಕುತ್ತವೆ. ಅಮೆರಿಕದ ಮಾತು ತೆಗೆದದ್ದರಿಂದ ಹೇಳುತ್ತೇನೆ, ಅಲಬಾಮಾ, ಮೇರಿಲ್ಯಾಂಡ್, ವರ್ಜೀನಿಯಾ, ನಾರ್ತ್ ಕ್ಯಾರೊಲಿನಾಗಳಲ್ಲಿ ಇವತ್ತಿಗೂ ಆ 1809ರ ಕಾನೂನೇ ಇದೆ. ನಮ್ಮ ಮಿತ್ರರಿಗೆ ಅಲ್ಲಿ ಹೋಂಸ್ಟೇ ತೆರೆಯುವುದು ಲಾಭದಾಯಕ. ನಮ್ಮ ಊರಿನ ಸಂಗತಿ ನೋಡೋಣ. ಗಡಿಯಾರ ಗೋಪುರ ಬಿದ್ದದ್ದು 1951, ಕೊನೆಯ ತೀರ್ಪು 1966. ದೆಹಲಿಯ ಕೊಂಬೆ ಬಿದ್ದದ್ದು 1964, ತೀರ್ಪು 1999: ಮೂವತ್ತೈದು ವರ್ಷ. ಸಿವಿಲ್ ದಾವೆ ಹೂಡುವವನು ತಾನು ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕು, ವಾಯಿದೆಯಿಂದ ವಾಯಿದೆಗೆ ಅಲೆಯಬೇಕು, ಬೆಂಗಳೂರಿನಿಂದ ರಜೆ ಹಾಕಿ ಶಿವಮೊಗ್ಗಕ್ಕೆ ಬಸ್ ಹಿಡಿಯಬೇಕು. ಕಾಲು ಮುರಿದವನು ಇದಕ್ಕೆಲ್ಲ ಓಡೋಡಿ ಬರುತ್ತಾನೆ ಎಂದು ಹೆದರುವವರು ನಮ್ಮ ಕೋರ್ಟನ್ನು ಹೊರಗಿನಿಂದಷ್ಟೇ ನೋಡಿರಬೇಕು. ನಮ್ಮ ಕಷ್ಟ ದಾವೆಗಳು ಹೆಚ್ಚಾದವು ಎಂಬುದಲ್ಲ. ನಿಜವಾಗಿ ನೊಂದವರೂ ದಾವೆ ಹೂಡದೆ ಸುಮ್ಮನಾಗುತ್ತಾರೆ.

ಆದರೆ ಯಜಮಾನರು ನಿಶ್ಚಿಂತರಾಗಿ ಮಲಗಲಿ ಎಂದು ಇದನ್ನು ಹೇಳುತ್ತಿಲ್ಲ. ದುಡ್ಡು ಪಡೆದು ಉಳಿಸಿಕೊಂಡ ಅತಿಥಿ ಕಾನೂನಿನ ಕಣ್ಣಿಗೆ ಗ್ರಾಹಕ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಆ ದಾರಿ ಅಗ್ಗ. ಇದಕ್ಕೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ ಎಂಬ ವಿಮೆ ಸಿಗುತ್ತದೆ. ಹೆಸರು ನೋಡಿ ಗಲಿಬಿಲಿಯಾಗಬೇಡಿ. 1991ರ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಕಾಯ್ದೆ ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವವರಿಗೆ, ನಿಮಗಲ್ಲ. ಬೈಕಿಗೆ ವಿಮೆ ಮಾಡಿಸಿ, ಬೈಕಿನಲ್ಲಿ ಬರುವವನು ನಡೆಯುವ ಸಂಕಕ್ಕೆ ಮಾಡಿಸದಿರುವುದಕ್ಕೆ ಕಾರಣವೇನು? ಬೈಕಿಗೆ ಪೊಲೀಸರು ಕೇಳುತ್ತಾರೆ, ಸಂಕಕ್ಕೆ ಕೇಳುವುದಿಲ್ಲ. ನನಗೆ ಬೇರೆ ಕಾರಣ ಹೊಳೆಯಲಿಲ್ಲ.

ಈಗ ಬೆಂಗಳೂರಿನವರ ಕಡೆಗೆ. ‘ರಾತ್ರಿಗೆ ತಲೆಗೆ ಎರಡು ಸಾವಿರ ಕೊಟ್ಟಿದ್ದೇವೆ. ಪೂರ್ತಿ ಪರಿಹಾರ ಯಾಕಿಲ್ಲ?’ ಕೊಟ್ಟ ಎರಡು ಸಾವಿರಕ್ಕೆ ನಿಮಗೆ ಹಾಸಿಗೆ, ನೀರುದೋಸೆ, ಮತ್ತು ಯಜಮಾನರ ಸಾಮಾನ್ಯ ಎಚ್ಚರ ಬಂತು. ನಿಮ್ಮ ಎಚ್ಚರವನ್ನೂ ಅವರೇ ಹೊರಬೇಕೆಂಬ ಕರಾರಿಲ್ಲ. ಹಳ್ಳ ಎಂದರೆ ನೀರಿರುತ್ತದೆ, ಬಂಡೆ ಎಂದರೆ ಜಾರುತ್ತದೆ, ಕಾಡು ಎಂದರೆ ಉಂಬಳ ಕಚ್ಚುತ್ತದೆ. ಕಣ್ಣಿಗೆ ಕಾಣುವ, ಯಾರಿಗೂ ಗೊತ್ತಿರುವ ಅಪಾಯಕ್ಕೆ ಬೇಲಿ ಕಟ್ಟುತ್ತ ಹೋದರೆ ಮಲೆನಾಡಿನಲ್ಲಿ ಉಳಿಯುವುದು ಬೇಲಿಯೇ.

1995ರಲ್ಲಿ ಇಂಗ್ಲೆಂಡಿನ ಒಂದು ಉದ್ಯಾನದ ಕೆರೆಯಲ್ಲಿ ಹದಿನೆಂಟರ ಹುಡುಗನೊಬ್ಬ ಆಳವಿಲ್ಲದ ನೀರಿಗೆ ತಲೆಕೆಳಗಾಗಿ ಧುಮುಕಿ ಕುತ್ತಿಗೆ ಮುರಿದುಕೊಂಡ. ಬದುಕಿಡೀ ಎದ್ದು ನಡೆಯಲಿಲ್ಲ. ಈಜಬಾರದು ಎಂಬ ಫಲಕ ಅಲ್ಲಿತ್ತು. ಮೇಲ್ಮನವಿ ಕೋರ್ಟು ಅವನ ಪಾಲಿಗೆ ಮೂರರಲ್ಲಿ ಎರಡು ಭಾಗ ಕಳೆದು ಉಳಿದದ್ದನ್ನು ಕೊಟ್ಟಿತು. 2003ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನೂ ತೆಗೆದುಹಾಕಿತು. ಕೆರೆಯಲ್ಲಿ ಯಾವ ಮರೆಯಾದ ದೋಷವೂ ಇರಲಿಲ್ಲ, ಧುಮುಕಿದ್ದು ಅವನ ಆಯ್ಕೆ. ಒಬ್ಬನ ದುಡುಕಿಗಾಗಿ ಮರಳದಂಡೆಯನ್ನೇ ಮುಚ್ಚಿ ಸಾವಿರಾರು ಮಂದಿಯ ಸಂತೋಷ ಕಸಿಯಲಾಗದು ಎಂಬುದು ಅವರ ತರ್ಕ. ಓದುವಾಗ ನನಗೆ ಸಂಕಟವಾಗುತ್ತದೆ, ಆದರೂ ತೀರ್ಪು ಸರಿ ಎಂದೇ ತೋರುತ್ತದೆ. ನನ್ನ ಬೆಳೆಗಾರ ಮಿತ್ರರು ಇದನ್ನು ಕತ್ತರಿಸಿ ಇಟ್ಟುಕೊಳ್ಳಬಹುದು. ಗೆದ್ದಲು ತಿಂದ ದಬ್ಬೆಗೆ ಮಾತ್ರ ಇದು ಅನ್ವಯಿಸುವುದಿಲ್ಲ, ಅದು ಮರೆಯಾದ ದೋಷ.

ಒಂದು ತಕರಾರಿಗೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಮೈಸೂರಿನ ನಿವೃತ್ತ ಗಣಿತ ಮೇಷ್ಟರು ಕೇಳಿದ್ದಾರೆ: ‘ಮೂವತ್ತು ಎನ್ನುತ್ತೀರಿ. ಯಾಕೆ ಇಪ್ಪತ್ತೆಂಟಲ್ಲ? ಯಾಕೆ ನಲವತ್ತಲ್ಲ? ಯಾವ ತಕ್ಕಡಿ?’ ತಕ್ಕಡಿ ಇಲ್ಲ ಮೇಷ್ಟ್ರೇ. ಯಾರ ತಪ್ಪು ಎಷ್ಟು ದೊಡ್ಡದು, ಯಾರದು ಬೀಳುವುದಕ್ಕೆ ಎಷ್ಟು ಹತ್ತಿರದ ಕಾರಣ ಎಂದು ಎರಡು ಬಗೆಯಲ್ಲಿ ಅಂದಾಜು ಮಾಡಿ, ನ್ಯಾಯಾಧೀಶರು ಒಂದು ದುಂಡು ಸಂಖ್ಯೆ ಬರೆಯುತ್ತಾರೆ. ಒಂದೇ ಬಗೆಯ ಅಪಘಾತಕ್ಕೆ ಒಂದು ಕೋರ್ಟಿನಲ್ಲಿ ಇಪ್ಪತ್ತೈದು, ಪಕ್ಕದ ಹಾಲಿನಲ್ಲಿ ಐವತ್ತು ಆದದ್ದನ್ನು ನಾನೇ ನೋಡಿದ್ದೇನೆ, ಐವತ್ತು ಬಂದದ್ದು ನನ್ನ ಕಕ್ಷಿದಾರನಿಗೆ ಲಾಭವಾಗಿದ್ದರಿಂದ ಸುಮ್ಮನಿದ್ದೆ. ಆದರೆ ನೂರು ಅಥವಾ ಸೊನ್ನೆ ಎಂಬ ಎರಡೇ ಸಂಖ್ಯೆ ಇರುವ ಲೆಕ್ಕಕ್ಕೆ ಹೋಲಿಸಿದರೆ ಈ ಅಂದಾಜಿನಲ್ಲಿ ಆಗುವ ತಪ್ಪು ಸಣ್ಣದು. ಮೂವತ್ತರ ಬದಲು ನಲವತ್ತಾದರೆ ತಪ್ಪಿದ್ದು ಹತ್ತು. ಪರಿಹಾರವೇ ಸೊನ್ನೆ ಎಂದು ಬರೆದರೆ ಎಪ್ಪತ್ತು.

ಕೊನೆಯ ಪತ್ರ ನಮ್ಮ ಪಕ್ಕದ ಹಳ್ಳಿಯದೇ. ‘ಇಷ್ಟೆಲ್ಲ ಬರೆಯುವ ವಕೀಲರ ತೋಟವನ್ನು ಒಮ್ಮೆ ನೋಡಬೇಕು. ಬರಬಹುದೋ?’ ಧಾರಾಳವಾಗಿ ಬನ್ನಿ. ಬರುವಾಗ ತಿಳಿದಿರಲಿ: ಹಳ್ಳದ ಸಂಕಕ್ಕೆ ಹೋದ ವಾರ ಹೊಸ ದಬ್ಬೆ ಹಾಕಿಸಿ ಹಗ್ಗ ಕಟ್ಟಿಸಿದ್ದೇನೆ, ಅದು ಗಟ್ಟಿ. ಬಾವಿಗೆ ಇಳಿಯುವ ಕಡೆ ಎರಡನೇ ಮೆಟ್ಟಿಲಿನ ಕಲ್ಲು ಅಲುಗಾಡುತ್ತದೆ. ನಾಯಿ ಕಪ್ಪಗಿದೆ, ಕಟ್ಟಿರುತ್ತೇನೆ. ಹೇಳಿದೆ ಎಂದ ಮಾತ್ರಕ್ಕೆ ನನ್ನ ಕೆಲಸ ಮುಗಿಯಲಿಲ್ಲ ಎಂದು ಮೇಲೆ ನಾನೇ ಬರೆದಿರುವುದರಿಂದ, ಗಾರೆ ಕೆಲಸದವನಿಗೆ ಹೇಳಿ ಕಳಿಸಿದ್ದೇನೆ. ಅವನು ಬರುವುದು ಭಾನುವಾರವಂತೆ. ನೀವು ಸೋಮವಾರ ಬನ್ನಿ.